ಎಲೆಕೋಸಿನ ಶನಿವಾರ ನಾನು ಕೋಟೆ ಗೆದ್ದದ್ದು

ಈ ಸಲ ಕೋಟೆ ನಮ್ಮದೇ! ನವೆಂಬರ್ ಮೊದಲ ವಾರ ನಾನು, ತಾಕ್ ಜೇಗ್ವಾನ್, ವಯಸ್ಸು ನಲವತ್ತೇಳು, ಕೊರಿಯಾದ ಚೊಂಗ್ಜು ನಗರದ ಟೈಲ್ಸ್ ಕಂಪನಿಯೊಂದರ ಮಾರಾಟ ವಿಭಾಗದವ, ಹೀಗೆಂದು ಘೋರ ಪ್ರತಿಜ್ಞೆ ಮಾಡಿದೆ. ಹಲ್ಲುಜ್ಜುತ್ತಾ ಮಾಡಿದ್ದರಿಂದ ಬಾಯಿತುಂಬ ನೊರೆ ಇತ್ತು. ಯಾರಿಗೂ ಸ್ಪಷ್ಟವಾಗಿ ಕೇಳಿಸಲಿಲ್ಲ.

ಟೈಲ್ಸ್ ಮಾರುವುದು ಹೊಟ್ಟೆಪಾಡಿಗೆ. ನಿಜವಾದ ನಾನು ಸಿಡಿಲಬಾಹು! ಆನ್‌ಲೈನ್ ಆಟವೊಂದರಲ್ಲಿ 'ಬಿಳಿ ಹುಲಿ ದಳ'ದ ದಂಡನಾಯಕ. ನನ್ನ ಕೈಕೆಳಗೆ ಹತ್ತೊಂಬತ್ತು ವೀರರು. ಎದುರಾಳಿ 'ಕಾಗೆ ದಳ', ಅವರೂ ಇಪ್ಪತ್ತು ಮಂದಿ. ಕೋಟೆಯ ನಡುವೆ ಹೊಳೆಯುವ ಒಂದು ವೃತ್ತವಿದೆ. ಒಂದು ಗಂಟೆಯ ಕಾಳಗ ಮುಗಿಯುವ ಹೊತ್ತಿಗೆ ಆ ವೃತ್ತದಲ್ಲಿ ಯಾರು ನಿಂತಿರುತ್ತಾರೋ ಕೋಟೆ ಅವರದು. ವೃತ್ತದೊಳಗೆ ಆಡಿದ ಮಾತು ಮೈಕಿನಲ್ಲಿ ಎರಡೂ ಪಕ್ಷಕ್ಕೆ ಕೇಳಿಸುತ್ತದೆ. ವೈರಿಯನ್ನು ಹೀಯಾಳಿಸಿ ಕೆರಳಿಸಲೆಂದೇ ಮಾಡಿಟ್ಟ ಏರ್ಪಾಡು ಅದು.

ನಾವು ಸತತ ಏಳು ಕಾಳಗ ಸೋತಿದ್ದೆವು. ಎಂಟನೆಯದಕ್ಕೂ ಮುಂಚೆ ದಳದ ಸಭೆ ಸೇರಿತು. ನಮ್ಮ ಗುರಾಣಿ ವೀರ 'ಕಲ್ಲುಕೋಟೆ' ಗಂಟಲು ಸರಿಪಡಿಸಿಕೊಂಡ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಇದೂ ಸೋತ್ರೆ ದಂಡನಾಯಕರನ್ನ ಬದಲಾಯಿಸೋಣ ಅಂತಿದಾರೆ ಹುಡುಗ್ರು."

ಆಫೀಸಿನಲ್ಲಿ ನನ್ನ ಮಾತಿಗೆ ಫೋಟೋಕಾಪಿ ಯಂತ್ರವೂ ಬೆಲೆ ಕೊಡುವುದಿಲ್ಲ. ಮನೆಯ ಸಂಗತಿ ಬೇಡವೇ ಬೇಡ. ಇಡೀ ಭೂಮಂಡಲದಲ್ಲಿ ನನ್ನನ್ನು 'ದಂಡನಾಯಕರೇ' ಎನ್ನುವವರು ಈ ಹತ್ತೊಂಬತ್ತು ಜನ ಮಾತ್ರ. ಅದೂ ಹೋದರೆ ನಾನು ಬರೀ ತಾಕ್ ಜೇಗ್ವಾನ್ ಆಗಿ ಉಳಿಯಬೇಕಲ್ಲ! ನಿಜ ಹೇಳುತ್ತೇನೆ, ಭಯವಾಯಿತು.

ಆಗ ಹೊಳೆಯಿತು ನೋಡಿ ಮಹಾತಂತ್ರ! ಸೋತ ಪಕ್ಷಕ್ಕೆ ಮುಂದಿನ ಕಾಳಗದ ದಿನ ಗೊತ್ತುಮಾಡುವ ಹಕ್ಕಿದೆ. ನಾನು ನವೆಂಬರ್ ಮೂರನೆಯ ಶನಿವಾರ, ಮಧ್ಯಾಹ್ನ ಎರಡು ಗಂಟೆ ಎಂದು ಬರೆದುಬಿಟ್ಟೆ.

"ಅವತ್ತೇ ಯಾಕೆ ದಂಡನಾಯಕರೇ?" ಎಂದಳು ನಮ್ಮ ಮಂತ್ರವಾದಿನಿ 'ಬೆಂಕಿಜಡೆ'.

"ಅವತ್ತು ಕಿಮ್‌ಜಾಂಗ್ ಕಣಮ್ಮಾ! ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕೋ ದಿನ! ಕಾಗೆಗಳೆಲ್ಲ ಅವರವರ ಅಮ್ಮನ ಮನೇಲಿ ಎಲೆಕೋಸಿಗೆ ಮೆಣಸಿನಪುಡಿ ಬಳೀತಾ ಕೂತಿರ್ತಾವೆ. ನಾವು ಖಾಲಿ ಕೋಟೆಗೆ ನುಗ್ಗೋದೇ!"

ಹತ್ತೊಂಬತ್ತು ಜನವೂ ಜಯಕಾರ ಹಾಕಿದರು. ನಮಗೂ ಅಮ್ಮಂದಿರಿದ್ದಾರೆ ಎಂಬ ಸಂಗತಿ ಇಪ್ಪತ್ತು ತಲೆಗಳಲ್ಲಿ ಒಂದಕ್ಕಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆ ಶನಿವಾರ ಹತ್ತು ಗಂಟೆಗೆ ಎದ್ದು ಸ್ನಾನಕ್ಕೆ ಹೋದರೆ ತೊಟ್ಟಿಯಲ್ಲಿ ನನಗೆ ಜಾಗವಿರಲಿಲ್ಲ. ಅರವತ್ತು ಎಲೆಕೋಸುಗಳು ಎರಡೆರಡು ಹೋಳಾಗಿ ಉಪ್ಪುನೀರಿನಲ್ಲಿ ಆರಾಮವಾಗಿ ಮಲಗಿದ್ದವು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ನಮ್ಮ ಅತ್ತೆ! ನಾನು ಗೊರಕೆ ಹೊಡೆಯುತ್ತಿದ್ದಾಗಲೇ ಮೊದಲ ಬಸ್ಸಿಗೆ ಬಂದು ಇಷ್ಟೂ ಕೆಲಸ ಮುಗಿಸಿದ್ದರು.

"ಮಿರಾನ್, ಏನಿದು?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ಈ ವರ್ಷ ಕಿಮ್‌ಜಾಂಗ್ ನಮ್ಮನೇಲೇ ಅಂತ ಹೋದ ತಿಂಗಳೇ ಹೇಳಿದ್ನಲ್ರೀ? ನೀವು ಹೂಂ ಅಂದ್ರಿ."

ಆಟದ ಮುಂದೆ ಕೂತಾಗ ನಾನು ಯಾವ ಯಾವುದಕ್ಕೆ ಹೂಂ ಅಂದಿದ್ದೇನೋ, ಪತ್ತೆಹಚ್ಚಲು ಒಂದು ತನಿಖಾ ಆಯೋಗವನ್ನೇ ನೇಮಿಸಬೇಕು.

ಅತ್ತೆ ಮಂಡಿ ಹಿಡಿದು ಎದ್ದರು. "ಅಳಿಯಂದ್ರೇ, ನಾವಿಬ್ರೂ ಮಾರ್ಕೆಟ್ಟಿಗೆ ಹೋಗಿ ಉಪ್ಪು ಸೀಗಡಿ, ಹಂದಿಮಾಂಸ ತರ್ತೀವಿ. ನೀವು ಸರಿಯಾಗಿ ಎರಡಕ್ಕೆ ಕೋಸು ತೆಗೆದು ಮೂರು ನೀರಲ್ಲಿ ತೊಳೆದು ಬೋರಲು ಹಾಕಿ. ತಡ ಆದ್ರೆ ಉಪ್ಪು ಕಚ್ಕೊಂಡ್ಬಿಡತ್ತೆ. ಇಷ್ಟು ಆಗತ್ತಾ?"

"ಇಷ್ಟೇನಾ ಅತ್ತೇ? ಎಡಗೈಲಿ ಮಾಡ್ತೀನಿ!"

ಮಿರಾನ್ ನನ್ನನ್ನು ಒಂದು ಥರಾ ನೋಡಿದಳು. "ಹೋದ ವರ್ಷ ಸೊಂಟ ಉಳುಕಿದೆ ಅಂತ ಮಲಗಿಬಿಟ್ರಿ. ಅದರ ಹಿಂದಿನ ವರ್ಷ ಕಣ್ಣುನೋವು. ಈ ಸಲ ಯಾವ ಭಾಗ?"

"ಈ ಸಲ ಸರ್ವಾಂಗವೂ ನಿಮ್ಮ ಸೇವೆಗೆ!" ಎಂದು ಎದೆ ತಟ್ಟಿಕೊಂಡೆ.

ಯಾಕೆಂದರೆ ಎರಡನೆಯ ಮಹಾತಂತ್ರ ಆಗಲೇ ಸಿದ್ಧವಾಗಿತ್ತು. ದಂಡನಾಯಕನಿಗೆ ಬೇಕಾದದ್ದು ಬಾಯಿ. ಕೋಸಿಗೆ ಬೇಕಾದದ್ದು ಕೈ. ದೇವರು ಎರಡನ್ನೂ ಬೇರೆ ಬೇರೆ ಕೊಟ್ಟಿದ್ದಾನೆ! ಎರಡಕ್ಕೆ ಐದು ನಿಮಿಷವಿರುವಾಗ ಲ್ಯಾಪ್‌ಟಾಪನ್ನು ಬಚ್ಚಲಿಗೆ ತಂದು ವಾಷಿಂಗ್ ಮಷೀನಿನ ಮೇಲೆ ಇಟ್ಟೆ. ಮೌಸಿಗೆ ಪ್ಲಾಸ್ಟಿಕ್ ಚೀಲ ತೊಡಿಸಿದೆ. ತಲೆಗೆ ಹೆಡ್‌ಫೋನು, ಮೊಣಕೈವರೆಗೆ ಹೆಂಡತಿಯ ಗುಲಾಬಿ ರಬ್ಬರ್ ಕೈಗವಸು, ಸೊಂಟಕ್ಕೆ ಅತ್ತೆಯ ಹೂವಿನ ಏಪ್ರನ್. ಯಾವ ದಂಡನಾಯಕನೂ ಇಂಥ ಕವಚ ಧರಿಸಿ ರಣರಂಗಕ್ಕೆ ಇಳಿದಿರಲಾರ.

ಕಹಳೆ ಮೊಳಗಿತು. "ನುಗ್ಗಿ!" ಎಂದು ಗರ್ಜಿಸುತ್ತಾ ಮೊದಲ ಕೋಸನ್ನು ಎತ್ತಿದೆ.

ಹೆಬ್ಬಾಗಿಲು ಐದೇ ನಿಮಿಷದಲ್ಲಿ ಮುರಿಯಿತು. ಲೆಕ್ಕ ಸರಿಯಾಗಿತ್ತು, ಕಾಗೆಗಳು ಹನ್ನೊಂದೇ ಮಂದಿ ಇದ್ದರು! ನಾನು ಕೋಸನ್ನು ತಬ್ಬಿಕೊಂಡು ಕುಣಿದೆ.

"ಅಣ್ಣಾ, ಒಂದ್ನಿಮಿಷ," ಎಂದ ಕಲ್ಲುಕೋಟೆ. "ಅಮ್ಮ ಕೂಗ್ತಿದಾರೆ. ಮೂಲಂಗಿ ತುರೀಬೇಕಂತೆ."

"ಲೋ, ಗುರಾಣಿ ಬಿಟ್ಟು ಮೂಲಂಗಿಗೆ ಹೋಗ್ತೀಯೇನೋ?"

ಗುರಾಣಿ ಹಿಡಿದವನು ಹೆಬ್ಬಾಗಿಲಲ್ಲಿ ಗೊಂಬೆಯಂತೆ ನಿಂತುಬಿಟ್ಟ. ಅವನ ಹಿಂದೆ ಮತ್ತೊಬ್ಬ. "ದಂಡನಾಯಕರೇ, ಡಬ್ಬಿ ಇಳಿಸ್ಬೇಕಂತೆ." ಆಮೇಲೆ ಬೆಂಕಿಜಡೆ. "ಅತ್ತೆ ಬಾಗಿಲು ಬಡೀತಿದಾರೆ, ನಾನು ಸತ್ತೆ ಅಂದ್ಕೊಳಿ!" ಮಿಂಚಿನ ಬಾಣ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಎರಡೂವರೆಯ ಹೊತ್ತಿಗೆ ನನ್ನ ಹತ್ತೊಂಬತ್ತು ಹುಲಿಗಳೂ ಕಲ್ಲಾದವು. ಅತ್ತ ಕಾಗೆಗಳೂ ಒಂದೊಂದಾಗಿ ಕಲ್ಲಾದವು. ಕೋಟೆ ತುಂಬ ಕತ್ತಿ ಎತ್ತಿ ನಿಂತ ಗೊಂಬೆಗಳು! ಚಲಿಸುತ್ತಿದ್ದವರು ಇಬ್ಬರೇ. ವೃತ್ತದಲ್ಲಿ ನಾನು, ಎದುರಿಗೆ ಕಾಗೆ ದಳದ ನಾಯಕ ಉಕ್ಕುಗಡ್ಡ!

ಏಳು ಸಲ ನನ್ನ ತಲೆ ಹಾರಿಸಿದ ಮಹಾರಾಕ್ಷಸ ಅವನು. ಇನ್ನು ಕೋಸಿನ ಮಾತೆಲ್ಲಿ? ಎರಡು ಕೈಯೂ ಯುದ್ಧಕ್ಕೆ ಹೋದವು. ನಲ್ಲಿ ತಿರುಗಿಸಿಯೇ ಇತ್ತು. ಎಲೆಗಳು ತೇಲಿ ಹೋಗಿ ನೆಲದ ನೀರುಕಂಡಿಗೆ ಅಂಟಿಕೊಂಡವು. ಕಾಲು ತಣ್ಣಗಾದಾಗ ರಣೋತ್ಸಾಹವಿರಬೇಕು ಅಂದುಕೊಂಡೆ. ನೀರು ಬಚ್ಚಲ ಹೊಸ್ತಿಲು ದಾಟಿ ಹಜಾರಕ್ಕೆ ಮೆರವಣಿಗೆ ಹೊರಟಿತ್ತು. ಅದರ ಜೊತೆ ನನ್ನ ಚಪ್ಪಲಿಯೂ ಹೊರಟಿತ್ತು.

ಎರಡು ಐವತ್ತಕ್ಕೆ ಬಾಗಿಲು ತೆರೆಯಿತು.

"ಅಯ್ಯೋ ನನ್ನ ಕೋಸೇ!" ಎಂದರು ಅತ್ತೆ.

"ಅಯ್ಯೋ ನನ್ನ ಮರದ ನೆಲವೇ!" ಎಂದಳು ಮಿರಾನ್.

ಅಳಿಯನ ಬಗ್ಗೆ ಯಾರೂ ಅಯ್ಯೋ ಅನ್ನಲಿಲ್ಲ. ಮಿರಾನ್ ನಲ್ಲಿ ನಿಲ್ಲಿಸಿ, ಕಂಡಿಯ ಎಲೆ ಕಿತ್ತು, ನನ್ನ ಕಿವಿಗೆ ಕೈ ಹಾಕಿದಳು.

"ಹತ್ತೇ ನಿಮಿಷ ಕಣೇ! ಇದು ಸೋತ್ರೆ ನನ್ನ ಪಟ್ಟ ಹೋಗತ್ತೆ!" ನನ್ನ ದನಿ ನಿಜಕ್ಕೂ ಒಡೆದಿತ್ತು. ಅಷ್ಟರಲ್ಲಿ ಒದ್ದೆ ಮೌಸು ಜಾರಿತು. ಉಕ್ಕುಗಡ್ಡ ನನ್ನನ್ನು ವೃತ್ತದಲ್ಲೇ ನೆಲಕ್ಕೆ ಒತ್ತಿ ಹಿಡಿದು ಗದೆಯಿಂದ ಚಚ್ಚತೊಡಗಿದ.

ಅತ್ತೆ ಪರದೆಯತ್ತ ಬಗ್ಗಿದರು. "ಯಾರಿದು, ನಮ್ಮಳಿಯನ್ನ ಹೀಗೆ ಹೊಡೀತಿರೋದು?"

"ವೈರಿ ಅತ್ತೇ."

"ಇವನಿಗೆ ಕಿಮ್‌ಜಾಂಗ್ ಇಲ್ವಾ?" ನನ್ನ ತಲೆಯಿಂದ ಹೆಡ್‌ಫೋನು ಕಿತ್ತು ಮೈಕು ಬಾಯಿಗಿಟ್ಟುಕೊಂಡರು. "ಏಯ್, ಗಡ್ಡದವನೇ! ನಿಮ್ಮನೇಲಿ ಎಷ್ಟು ಕೋಸು?"

ಗದೆ ಗಾಳಿಯಲ್ಲೇ ನಿಂತಿತು. ಐವತ್ತು ದಾಟಿದವರ ಗೊಗ್ಗರು ದನಿಯೊಂದು ಹೆಡ್‌ಫೋನಿನಿಂದ ಹೊರಗೂ ಕೇಳಿಸಿತು. "...ಎಂಬತ್ತು, ಅಮ್ಮಾ."

"ಯಾರು ತೊಳೀತಿದಾರೆ?"

"...ಅಮ್ಮ."

"ವಯಸ್ಸೆಷ್ಟು ಅವರಿಗೆ?"

"ಎಪ್ಪತ್ತೊಂಬತ್ತು."

"ಸೊಂಟ ಚೆನ್ನಾಗಿದ್ಯಾ?"

ಗದೆ ಅರ್ಧಕ್ಕೆ ಇಳಿಯಿತು. "ಇಲ್ಲಮ್ಮಾ. ತಪ್ಪಾಯ್ತಮ್ಮಾ." ಏಳು ಸಲ ನನ್ನ ತಲೆ ಹಾರಿಸಿದ ಉಕ್ಕುಗಡ್ಡ ಗದೆ ಕೆಳಗಿಟ್ಟ, ನೆಲಕ್ಕೆ ಹಣೆ ತಾಗಿಸಿ ನಮಸ್ಕರಿಸಿದ, ಮಾಯವಾದ.

ಮೂರು ಹೊಡೆಯಿತು. ಆಕಾಶದಲ್ಲಿ ಬಿರುಸುಬಾಣ! ಕೋಟೆ ಬಿಳಿ ಹುಲಿ ದಳದ್ದು! ನಾನು ಗುಲಾಬಿ ಕೈಗಳನ್ನೆತ್ತಿ ಕಿರುಚಿದೆ. ಅತ್ತೆ ಹೆಡ್‌ಫೋನು ಕೆಳಗಿಟ್ಟು ನನ್ನತ್ತ ತಿರುಗಿದರು.

"ಅಳಿಯಂದ್ರೇ, ನಿಮ್ಮನೇಲಿ ಎಷ್ಟು ಕೋಸು?"

"ಅರವತ್ತು ಅತ್ತೇ," ಎಂದು ಕೈ ಇಳಿಸಿದೆ.

"ತೊಳೆದಿದ್ದೆಷ್ಟು?"

"...ಒಂದು."

ಉಳಿದ ಐವತ್ತೊಂಬತ್ತನ್ನು ಮೂರಲ್ಲ, ಆರು ನೀರಿನಲ್ಲಿ ತೊಳೆದೆ. ಆದರೂ ಉಪ್ಪು ಬಿಡಲಿಲ್ಲ. ಆಮೇಲೆ ಹಜಾರ ಒರೆಸಿದೆ. ಬೇಯಿಸಿದ ಹಂದಿಮಾಂಸವನ್ನು ಹೊಸ ಕಿಮ್ಚಿಯಲ್ಲಿ ಸುತ್ತಿ ತಿನ್ನುವ ಭಾಗ್ಯ ನನ್ನ ಪಾಲಿಗೆ ಬಂದಾಗ ತಟ್ಟೆಯಲ್ಲಿ ಮಾಂಸ ಮುಗಿದಿತ್ತು.

ಇರಲಿ! ಕೋಟೆ ಗೆದ್ದೆನಲ್ಲ, ಪಟ್ಟ ಉಳಿಯಿತಲ್ಲ! ಮರುದಿನ ಎದೆಯುಬ್ಬಿಸಿ ದಳದ ಸಭೆಗೆ ಹೋದೆ. ಮೂಲಂಗಿ ತುರಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ ಕಲ್ಲುಕೋಟೆ ಮತ್ತೆ ಗಂಟಲು ಸರಿಪಡಿಸಿಕೊಂಡ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಅತ್ತೆಯವರು ದಳಕ್ಕೆ ಬರ್ತಾರಾ?"

ಬಂದರು. ಬಂದ ವಾರವೇ ದಂಡನಾಯಕರ ಚುನಾವಣೆ ನಡೆಯಿತು. ಅತ್ತೆಗೆ ಇಪ್ಪತ್ತು ಮತ, ನನಗೆ ಒಂದು. ಆ ಒಂದು ನಾನೇ ಹಾಕಿಕೊಂಡದ್ದು ಅಂತ ನೀವು ನಗುತ್ತಿರಬಹುದು. ಅಲ್ಲ ಸ್ವಾಮೀ! ಅತ್ತೆ ಪಕ್ಕದಲ್ಲೇ ಕೂತು ನನ್ನ ಪರದೆ ನೋಡುತ್ತಿದ್ದರು, ನಾನು ಅವರಿಗೇ ಹಾಕಿದೆ.

ನನಗೆ ಬಿದ್ದ ಆ ಒಂದು ಮತ ಅತ್ತೆಯದು. "ಪಾಪ, ಒಂದು ಕೋಸಾದ್ರೂ ತೊಳೆದ್ರಲ್ಲ," ಅಂದರಂತೆ.