ಗೊಯ್ಕೊನ ಗಿಟಾರು, ವೆಲಿಬೋರನ ಹೆಸರು

ಟಿ.ವಿ. ಪರದೆಯ ಮೂಲೆಯಲ್ಲಿ ಆ ಒಂದು ಸಾಲು ಬರದೇ ಇದ್ದಿದ್ದರೆ ಗೊಯ್ಕೊ ಆ ಶನಿವಾರವನ್ನು ನೆಮ್ಮದಿಯಾಗಿ ಮೆಣಸಿನಕಾಯಿ ಸುಲಿಯುತ್ತಲೇ ಕಳೆದುಬಿಡುತ್ತಿದ್ದ.

ಸೆಪ್ಟೆಂಬರ್ ಬಂತೆಂದರೆ ಪಾಂಚೆವೊ ಊರಿಗೆ ಊರೇ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ವಾಸನೆ. ಚಳಿಗಾಲಕ್ಕೆ ಬೇಕಾದ ಆಯ್ವಾರ್ ಗೊಜ್ಜನ್ನು ಆಗಲೇ ಮಾಡಿಟ್ಟುಕೊಳ್ಳಬೇಕು. ಅವರ ಐದಂತಸ್ತಿನ ಕಟ್ಟಡದ ಅಂಗಳದಲ್ಲೂ ನಾಲ್ಕು ಒಲೆ ಉರಿಯುತ್ತಿದ್ದವು. ಕೆಲಸದ ಬೇಸರ ಕಳೆಯಲೆಂದು ಎರಡನೇ ಮಹಡಿಯ ತಿಯೋದೋರಾ ನೆಲಮಾಳಿಗೆಯಿಂದ ವೈರು ಎಳೆದು ಟಿ.ವಿ. ಹಚ್ಚಿದ್ದಳು. ಅವಳ ಕಂಪನಿ ಹೊಸದಾಗಿ ಮಾಡಿದ ಆಟ ಅದು. ಎಂಬತ್ತರ ದಶಕದ ರಾಕ್ ಹಾಡು ಬರುತ್ತದೆ, ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಉರುಳಿ ಬರುತ್ತವೆ, ಕೈಯಲ್ಲಿರುವ ಪ್ಲಾಸ್ಟಿಕ್ ಗಿಟಾರಿನ ಅದೇ ಬಣ್ಣದ ಗುಂಡಿಯನ್ನು ಸರಿಯಾದ ಹೊತ್ತಿಗೆ ಒತ್ತಬೇಕು. ಒತ್ತಿದರೆ ಪರದೆಯೊಳಗಿನ ಜನ ಚಪ್ಪಾಳೆ ಹೊಡೆಯುತ್ತಾರೆ, ತಪ್ಪಿದರೆ ಕೂಗಿ ಮಾನ ಕಳೆಯುತ್ತಾರೆ.

'ಉಪ್ಪಿನ ಸೇತುವೆ' ಹಾಡು ಬಂತು. ಅಂಗಳವೆಲ್ಲ "ಓಹೋ!" ಎಂದಿತು. ಮೂಲೆಯಲ್ಲಿ ಅಕ್ಷರ ಮೂಡಿತು: ಗಿಟಾರ್ – ವೆಲಿಬೋರ್ ತಾಸಿಚ್.

"ಅದು ನಾನು ನುಡಿಸಿದ್ದು!" ಎಂದುಬಿಟ್ಟ ಗೊಯ್ಕೊ.

ಇಪ್ಪತ್ತಮೂರು ವರ್ಷ ಹೆಂಡತಿ ದೆಸಾಂಕಾಳಿಗೆ ಬಿಟ್ಟು ಯಾರಿಗೂ ಹೇಳದ ಮಾತು ಅದು. ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಗೊಯ್ಕೊನಿಗೆ ಲೋಕ ನಂಬದಿದ್ದರೂ ಚಿಂತೆಯಿರಲಿಲ್ಲ, ದೆಸಾಂಕಾ ನಂಬಿದ್ದಳಲ್ಲ. ಆದರೆ ಕಣ್ಣೆದುರಿಗೇ ಆ ಹೆಸರು ಹೊಳೆದಾಗ ಬಾಯಿ ತಡೆಯಲಿಲ್ಲ.

ನಿಜ ಇಷ್ಟೇ. ಆಗ ಗೊಯ್ಕೊ ಒಂದು ರಾಕ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ. ಹಾಡು ರೆಕಾರ್ಡ್ ಆದ ಮೂರನೇ ದಿನ ಅವನಿಗೆ ಸೈನ್ಯದ ಕರೆ ಬಂತು. ಆಗ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವನು ಅತ್ತ ಶಿಬಿರದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗ ಇತ್ತ ಟಿ.ವಿ.ಯವರು ತಂಡವನ್ನು ಕರೆದರು. ಟಿ.ವಿ.ಯಲ್ಲಿ ಯಾರು ತಾನೇ ನಿಜವಾಗಿ ನುಡಿಸುತ್ತಿದ್ದರು? ರೆಕಾರ್ಡ್ ಹಾಕಿ ಕೈಯಾಡಿಸುವುದಷ್ಟೇ. ತಂಡದ ವ್ಯಾನು ಓಡಿಸುತ್ತಿದ್ದ ವೆಲಿಬೋರನಿಗೆ ಒಳ್ಳೆಯ ಕೂದಲಿತ್ತು, ಗೊಯ್ಕೊನ ಅಂಗಿಯೂ ಹಿಡಿಸುತ್ತಿತ್ತು. ನಿನ್ನ ಜಾಗದಲ್ಲಿ ಅವನನ್ನು ನಿಲ್ಲಿಸಲೇ ಎಂದು ಶಿಬಿರಕ್ಕೆ ಫೋನು ಮಾಡಿ ಕೇಳಿದರು. ಹಿಂದೆ ಸಾಲು ನಿಂತ ಹತ್ತು ಮಂದಿ ಬೇಗ ಮುಗಿಸು ಎನ್ನುತ್ತಿದ್ದರು. "ನಿಲ್ಲಿಸಿಕೊಳ್ಳಿ, ಏನೀಗ" ಎಂದ ಗೊಯ್ಕೊ. ಮರಳಿ ಬರುವಷ್ಟರಲ್ಲಿ ರೆಕಾರ್ಡಿನ ರಟ್ಟಿನ ಮೇಲೂ ವೆಲಿಬೋರನ ಹೆಸರೇ ಅಚ್ಚಾಗಿತ್ತು. ತಂಡ ಒಡೆದು ಹೋಗಿತ್ತು. ಆ ಒಂದು ಮಾತಿಗೆ ಅವನು ಮರುಗದ ದಿನವಿಲ್ಲ.

"ಏನಂದೆ?" ಎಂದು ಮಿಲುಂಕಾ ಸೌಟು ಹಿಡಿದೇ ಎದ್ದಳು. ಕಸ್ಟಮ್ಸ್‌ನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದ ಅವಳು ಕಟ್ಟಡದ ನಿವಾಸಿಗಳ ಸಭೆಗೆ ಅಧ್ಯಕ್ಷೆ. ಚರಂಡಿ ಕಟ್ಟಿದರೂ ಸಭೆ, ಬೆಕ್ಕು ಮರಿ ಹಾಕಿದರೂ ಸಭೆ. "ನಮ್ಮ ಕಟ್ಟಡದ ವೆಲಿಬೋರ್‌ದನ್ನ ನಿಂದು ಅಂತೀಯಾ? ಇದು ಸುಮ್ನೆ ಬಿಡೋ ವಿಷಯ ಅಲ್ಲ ಕಣಯ್ಯಾ. ಎಷ್ಟು ಜನ ಇದೀವಿ? ಹದಿನಾಲ್ಕು. ಕೋರಂ ಆಯ್ತು. ಸಭೆ ಶುರು!"

"ಅಕ್ಕಾ, ಸಭೆ ಗಿಭೆ ಯಾಕೆ..."

"ಮಾತಾಡ್ಬೇಕಿದ್ರೆ ಕೈಯೆತ್ತು."

ತಿಯೋದೋರಾ ಮಾತ್ರ ಕುತೂಹಲದಿಂದ ಹತ್ತಿರ ಬಂದಳು. "ಗೊಯ್ಕೊ ಮಾಮಾ, ಸೋಮವಾರ ಆಟದ ಡಿಸ್ಕ್ ಅಚ್ಚಿಗೆ ಹೋಗತ್ತೆ. ನೀವೇ ನುಡಿಸಿದ್ದು ಅಂತ ಗೊತ್ತಾದ್ರೆ ಇವತ್ತೇ ಹೆಸರು ಬದಲಾಯಿಸ್ತೀನಿ."

ಗೊಯ್ಕೊ ಕೈಲಿದ್ದ ಮೆಣಸಿನಕಾಯಿ ಕೆಳಗಿಟ್ಟ. ಇಷ್ಟು ವರ್ಷದ ಮೇಲೆ, ಬರೀ ಹೆಸರು ಬದಲಾಯಿಸಿದರೆ ಮುಗಿಯಿತು!

"ಹಾಗಾದ್ರೆ ಗಿಟಾರ್ ತಂದು ನುಡಿಸ್ಲಿ" ಎಂದರು ಯಾರೋ. ಗಿಟಾರು ಎಲ್ಲಿದೆ? ಬೆಳಿಗ್ಗೆಯ ಸಂಬಳಕ್ಕೆ ಸಂಜೆ ಮೊಟ್ಟೆಯೂ ಸಿಗದ ಆ ಕೆಟ್ಟ ಕಾಲದಲ್ಲಿ ಎರಡು ಮೂಟೆ ಹಿಟ್ಟಿಗೆ ಕೊಟ್ಟುಬಿಟ್ಟಿದ್ದ.

"ಅದಕ್ಕೇನು, ಇದೇ ಇದೆಯಲ್ಲ" ಎಂದು ಮಿಲುಂಕಾ ಪ್ಲಾಸ್ಟಿಕ್ ಗಿಟಾರನ್ನು ಅವನ ಕೊರಳಿಗೆ ಹಾಕಿಯೇಬಿಟ್ಟಳು. ಹನ್ನೊಂದು ಕೈಗಳು ಮೇಲೆದ್ದವು. ಠರಾವು ಪಾಸಾಯಿತು.

ಹಾಡು ಶುರುವಾಯಿತು. ಮೆಣಸಿನಕಾಯಿಯ ಜಿಗುಟಿಗೆ ಬೆರಳು ಗುಂಡಿಗೆ ಅಂಟಿಕೊಳ್ಳುತ್ತಿತ್ತು. ಹೇಗೋ ಸುಧಾರಿಸಿಕೊಂಡ. ಆಮೇಲೆ ಬಂತು, ಊರೆಲ್ಲ ಬಾಯಲ್ಲೇ ಗುನುಗುವ ಆ ಗಿಟಾರಿನ ಭಾಗ. ಗೊಯ್ಕೊ ಕಣ್ಣು ಮುಚ್ಚಿ ಎತ್ತಿಕೊಂಡ. ಪರದೆಯ ಜನ ಕೂಗಿದರು. ಚುಕ್ಕೆಗಳು ಇನ್ನೂ ಬಂದೇ ಇರಲಿಲ್ಲ!

ಅವನಿಗೆ ಆಗ ಹೊಳೆಯಿತು. ರೆಕಾರ್ಡಿಂಗ್ ದಿನ ಕೈ ತಪ್ಪಿ ಒಂದು ತಾಳ ತಡವಾಗಿ ಎತ್ತಿಕೊಂಡಿದ್ದ. ಮತ್ತೆ ಮಾಡೋಣವೆಂದರೆ ಸ್ಟುಡಿಯೋದ ಸಮಯ ಮುಗಿದಿತ್ತು. ದೇಶವೆಲ್ಲ ಆ ತಪ್ಪನ್ನೇ ತಲೆಯ ಮೇಲೆ ಹೊತ್ತು ಕುಣಿಯಿತು, ಅವನೊಬ್ಬ ಮಾತ್ರ ಮನಸ್ಸಿನಲ್ಲಿ ಸಾವಿರ ಸಲ ಅದನ್ನು ತಿದ್ದಿ ತಿದ್ದಿ ನುಡಿಸಿದ್ದ. ಈಗ ಬೇಕೆಂದರೂ ತಪ್ಪು ಮಾಡಲು ಕೈ ಒಪ್ಪಲಿಲ್ಲ. ಮೂರು ಸಲ ಆಡಿದ. ಮೂರು ಸಲವೂ ಸರಿಯಾಗಿ ನುಡಿಸಿ ಸೋತ.

"ನೂರಕ್ಕೆ ಮೂವತ್ತೊಂದು" ಎಂದು ಓದಿದಳು ಮಿಲುಂಕಾ.

"ಅದು... ರೆಕಾರ್ಡಲ್ಲೇ ತಪ್ಪಿದೆ ಅಕ್ಕಾ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಅಂಗಳ ಬಿದ್ದು ಬಿದ್ದು ನಕ್ಕಿತು.

ಅಷ್ಟರಲ್ಲಿ ನಾಲ್ಕನೇ ಮಹಡಿಯ ವೆಲಿಬೋರ್ ಸಂತೆಯಿಂದ ಬದನೆಕಾಯಿ ಚೀಲ ಹೊತ್ತು ಬಂದ. ಕೂದಲಿಗೆ ಬಣ್ಣ ಹಾಕಿದ್ದ, ಆದರೂ ಒಳ್ಳೆಯ ಕೂದಲು. ಏನು ಎತ್ತ ಎಂದು ಕೇಳುವ ಮೊದಲೇ ಅವನ ಕೊರಳಿಗೂ ಗಿಟಾರು ಬಿತ್ತು. ಅದೇ ರೆಕಾರ್ಡಿಗೆ ಊರೂರಲ್ಲಿ ಕೈಯಾಡಿಸಿದವನು, ತಡವಾಗಬೇಕಾದಲ್ಲಿ ಒಂದು ಕೂದಲೆಳೆಯೂ ತಪ್ಪದಂತೆ ತಡವಾದ. ತೊಂಬತ್ತೆಂಟು! ಆಟವೂ ಅಷ್ಟೇ ತಾನೆ, ನುಡಿಸುವುದಲ್ಲ, ನುಡಿಸಿದಂತೆ ಮಾಡುವುದು.

ಚಪ್ಪಾಳೆ ನಿಂತ ಮೇಲೆ ವೆಲಿಬೋರನಿಗೆ ಗೊಯ್ಕೊನ ಮುಖ ಕಂಡಿತು. ಅವನು ಕೆಟ್ಟವನಲ್ಲ. ಗಿಟಾರು ಕಳಚಿಟ್ಟು ಹೇಳಿದ: "ನೋಡಿ, ಇವತ್ತು ಹೇಳಿಬಿಡ್ತೀನಿ. ಅದನ್ನ ನುಡಿಸಿದ್ದು ಗೊಯ್ಕೊನೇ. ನಾನು ಬರೀ ಕೈಯಾಡಿಸ್ದೋನು. ನನಗೆ ಗಿಟಾರ್ ಬರೋದೇ ಇಲ್ಲ."

ಮಿಲುಂಕಾ ಕಣ್ಣೊರೆಸಿಕೊಂಡಳು.

"ಎಂಥಾ ದೊಡ್ಡ ಮನಸ್ಸು!" ಎಂದಳು. "ತೊಂಬತ್ತೆಂಟು ತಗೊಂಡೋನು ಹೇಳ್ತಾನೆ, ಗಿಟಾರ್ ಬರಲ್ಲ ಅಂತ! ನೆರೆಯವನ ಮಾನ ಉಳಿಸೋಕೆ ತನ್ನ ಹೆಸರನ್ನೇ ಕೊಡ್ತಿದಾನೆ. ಕಲೀರಿ ಎಲ್ಲಾ, ಕಲೀರಿ!"

"ಇಲ್ಲಾ ಮಿಲುಂಕಾ, ದೇವರಾಣೆಗೂ..."

"ಸಾಕು, ಇನ್ನೂ ದೊಡ್ಡೋನಾಗ್ಬೇಡ."

ಎಲ್ಲರೂ ವೆಲಿಬೋರನ ಬೆನ್ನು ತಟ್ಟಿದರು. ಅವನು ಹೇಳಿದಷ್ಟೂ ಅವರ ಕಣ್ಣು ಒದ್ದೆಯಾಯಿತು. ತಿಯೋದೋರಾ ಕೂಡ, "ಪಾಪ, ಇರ್ಲಿ ಬಿಡಿ ಮಾಮಾ" ಎಂದು ಟಿ.ವಿ. ಆರಿಸಿದಳು. ಮಿಲುಂಕಾ ನಡಾವಳಿ ಪುಸ್ತಕದಲ್ಲಿ ಬರೆದಳು: ಶ್ರೀ ವೆಲಿಬೋರ್ ತಮ್ಮ ಗಿಟಾರ್ ವಾದನವನ್ನು ನೆರೆಯವರಿಗೆ ಬಿಟ್ಟುಕೊಡಲು ಮುಂದಾದರು, ಸಭೆಯು ಒಪ್ಪಲಿಲ್ಲ. ಹಾಜರಿದ್ದವರೆಲ್ಲ ಸಹಿ ಹಾಕುವುದು ಪದ್ಧತಿ. ಗೊಯ್ಕೊ ಹದಿಮೂರನೆಯವನಾಗಿ ಹಾಕಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅವನಿಗೆ ಬುದ್ಧಿ ಬಂದದ್ದೂ ದಂಡವಾಯಿತು.

ಹದಿನಾಲ್ಕನೆಯ ಸಹಿ ದೆಸಾಂಕಾಳದು. ಅವಳು ಇಡೀ ಹೊತ್ತು ಗೊಜ್ಜು ತಿರುವುತ್ತಲೇ ಇದ್ದಳು. ಸಹಿ ಹಾಕಿ ಬಂದು ಅವನ ಪಕ್ಕ ಕೂತಳು.

"ಹೋಗ್ಲಿ ಬಿಡು ದೆಸಾಂಕಾ" ಎಂದ ಗೊಯ್ಕೊ. "ನಿನಗೆ ಗೊತ್ತಲ್ಲ, ಸಾಕು."

ದೆಸಾಂಕಾ ಅವನ ಕೈಗಂಟಿದ ಸಿಪ್ಪೆಯನ್ನು ಮೆಲ್ಲಗೆ ಬಿಡಿಸಿದಳು. "ನನಗೆ ಮದುವೆಗೆ ಮುಂಚೇನೇ ಗೊತ್ತಿತ್ತು ಕಣೋ, ಅದು ನೀನಲ್ಲ ಅಂತ. ಟಿ.ವಿ.ಯಲ್ಲಿ ನೋಡಿರ್ಲಿಲ್ವಾ ನಾನು? ಹುಡುಗೀರ ಮುಂದೆ ಗಂಡಸ್ರು ಏನೇನೋ ಹೇಳ್ತಾರೆ. ನೀನು ಒಳ್ಳೆಯವನು, ಅಷ್ಟು ಸಾಕಾಗಿತ್ತು ನನಗೆ. ಬೇಜಾರು ಮಾಡ್ಕೋತೀಯ ಅಂತ ನಂಬಿದ ಹಾಗೇ ಇದ್ದೆ."

ಗೊಯ್ಕೊ ಅವಳ ಮುಖ ನೋಡಿದ. ಅಲ್ಲಿ ಕೋಪವಿರಲಿಲ್ಲ. ಮದುವೆಯಾದಾಗಿನಿಂದಲೂ ಇದ್ದ ಇಪ್ಪತ್ತೊಂದು ವರ್ಷದ ಕ್ಷಮೆಯಿತ್ತು. ಅದನ್ನು ಈಗ ಬೇಡವೆನ್ನಲು ಅವನಿಗೆ ಮನಸ್ಸು ಬರಲಿಲ್ಲ.

"ತಪ್ಪಾಯ್ತು" ಎಂದ. "ನಿನ್ನ ಹತ್ರ ಸುಳ್ಳು ಹೇಳ್ಬಾರ್ದಿತ್ತು."

ದೆಸಾಂಕಾಳ ಮುಖ ಅರಳಿತು. ಬಿಸಿ ಬ್ರೆಡ್ಡಿನ ಮೇಲೆ ಮೊದಲ ಸೌಟು ಆಯ್ವಾರ್ ಹಚ್ಚಿ, ಮದುವೆಯಾದ ಹೊಸದರಲ್ಲೂ ತೋರಿಸದಷ್ಟು ಪ್ರೀತಿಯಿಂದ ಅವನ ಬಾಯಿಗಿಟ್ಟಳು.