ಲಿಫ್ಟಿನವನ ನೇರ ಮಾತು

ನಮ್ಮ ಕಚೇರಿಯಲ್ಲಿ ನೇರವಾಗಿ ಮಾತನಾಡುವುದನ್ನು ಕಳೆದ ವರ್ಷದಿಂದ ನಿಷೇಧಿಸಲಾಗಿದೆ. ಇದರಿಂದ ಯಾರಿಗೂ ತೊಂದರೆಯಾಗಿಲ್ಲವೆಂದು ಎಲ್ಲರೂ ಹೇಳಿರುವುದಾಗಿ ವರದಿಯಿದೆ.

ನಮ್ಮ ಸಾಹೇಬರು ಶಾಲೆಯಲ್ಲಿ ಪೂರ್ತಿ ಅಂಕ ಪಡೆದದ್ದು ಒಂದೇ ಒಂದು ಪಾಠದಲ್ಲಿ. ಇಂಗ್ಲಿಷ್ ವ್ಯಾಕರಣದಲ್ಲಿ ಒಬ್ಬರಾಡಿದ ಮಾತನ್ನು ಇನ್ನೊಬ್ಬರು ಹೇಳಿದಂತೆ ಬದಲಾಯಿಸುವ ಪಾಠ ಅದು. 'ನಾನು' ಇದ್ದಲ್ಲಿ 'ಅವನು', 'ಇಲ್ಲಿ' ಇದ್ದಲ್ಲಿ 'ಅಲ್ಲಿ', 'ಇವತ್ತು' ಇದ್ದಲ್ಲಿ 'ಆ ದಿನ'. ದೇವರು ಕೊಟ್ಟ ವಿದ್ಯೆಯನ್ನು ಬಚ್ಚಿಡಬಾರದೆಂದು ಅವರು ಅದನ್ನೇ ಸುತ್ತೋಲೆ ಮಾಡಿ ಹೊರಡಿಸಿದರು:

"ಸಂಬಂಧಪಟ್ಟವನು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವಂತಿಲ್ಲ. ಅವನ ಮಾತನ್ನು ಸಂಬಂಧವಿಲ್ಲದ ಒಬ್ಬನು ಕೇಳಬೇಕು, ಎರಡನೆಯವನು ಬರೆಯಬೇಕು, ಮೂರನೆಯವನು ಮುಟ್ಟಿಸಬೇಕು. ನೇರವಾಗಿ ಕಿವಿಗೆ ಬಿದ್ದ ಮಾತನ್ನು ಬಿದ್ದಿಲ್ಲವೆಂದೇ ಪರಿಗಣಿಸತಕ್ಕದ್ದು."

ಬರೆಯುವ ಆ ಎರಡನೆಯವನು ನಾನು. ಛಾವಣಿ ಸೋರುತ್ತಿದೆಯೆಂದು ಯಾರಾದರೂ ಅತ್ತರೆ, ಛಾವಣಿ ಸೋರುತ್ತಿರುವುದಾಗಿ ಒಬ್ಬರು ಹೇಳಿದ್ದಾರೆಂದು ಬರೆಯುತ್ತಿದ್ದೆ. ಸಾಹೇಬರು ಕೆಳಗೆ 'ಹೇಳಿದ್ದು ನಿಜ' ಎಂದು ಷರಾ ಹಾಕುತ್ತಿದ್ದರು. ಛಾವಣಿಯ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಪ್ರಾರ್ಥನೆಗೂ ಇಷ್ಟು ಬೇಗ ಉತ್ತರ ಬಂದದ್ದನ್ನು ನಾನು ಕಂಡಿಲ್ಲ.

ಮೊನ್ನೆ ಸೋಮವಾರ ಹನ್ನೊಂದು ಗಂಟೆಗೆ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತು, ಬಾಗಿಲು ಕಚ್ಚಿಕೊಂಡಿತು. ಒಳಗೆ ಅದನ್ನು ನಡೆಸುವವನೊಬ್ಬನೇ ಇದ್ದ. ಒಂಬತ್ತು ವರ್ಷದಿಂದ ಹಂಗಾಮಿ ನೌಕರ. ಅವನನ್ನು ಕಾಯಂ ಮಾಡುವ ಆದೇಶ ಅದೇ ವಾರ ಸಾಹೇಬರ ಸಹಿಗೆ ಕಾದಿತ್ತು. ಲಿಫ್ಟಿನ ಬೀಗದ ಕೈಯೂ ಸಾಹೇಬರ ಮೇಜಿನೊಳಗೇ ಇತ್ತು. ಅವರ ಕೋಣೆ ಲಿಫ್ಟಿಗೆ ಅಂಟಿಕೊಂಡಂತಿದೆ.

"ಬಾಗಿಲು ತೆಗೀರಿ ಸಾರ್! ಉಸಿರು ಕಟ್ತಾ ಇದೆ!"

"ಮೆತ್ತಗೆ ಮಾತಾಡಪ್ಪ," ಎಂದೆ ಸಂದಿಯಲ್ಲಿ ಬಾಯಿಟ್ಟು. "ಸಾಹೇಬರಿಗೆ ನೇರವಾಗಿ ಕೇಳಿಸಿಬಿಟ್ರೆ ನಿನ್ನ ಕೇಸೇ ಬಿದ್ದುಹೋಗುತ್ತೆ."

ಕೇಳುವ ಗುಮಾಸ್ತ ಊಟ ಮುಗಿಸಿ ಎರಡು ಗಂಟೆಗೆ ಬಂದ.

"ಯಾರಿಗೆ ಉಸಿರು ಕಟ್ತಾ ಇರೋದು?"

"ನನಗೇ ಸಾರ್!"

"'ನನಗೆ' ಅಂದ್ರೆ ನಡೆಯಲ್ಲ. ಬೇರೆ ಯಾರಾದ್ರೂ ನಿನ್ನ ಪರವಾಗಿ ಹೇಳಲಿ."

"ಬೇರೆ ಯಾರೂ ಇಲ್ಲಿಲ್ಲವಲ್ಲ!"

"ಅದೇ ನೋಡು ನಿನ್ನ ತಪ್ಪು. ಸಿಕ್ಕಿಹಾಕಿಕೊಳ್ಳುವಾಗ ಜೊತೆಗೊಬ್ಬರನ್ನ ಇಟ್ಕೋಬೇಕಿತ್ತು."

ಕೊನೆಗೆ, ಒಳಗೊಬ್ಬ ಸಿಕ್ಕಿಕೊಂಡಿರುವುದಾಗಿ ಕೇಳುವ ಗುಮಾಸ್ತನೇ ಹೇಳಿದ್ದಾನೆಂದು ನಾನು ಬರೆದು, ಮುಟ್ಟಿಸುವ ಗುಮಾಸ್ತನ ಕೈಗೆ ಕೊಟ್ಟೆ. ಆಗ ಎದುರು ಬೀದಿಯಲ್ಲಿ ಇಸ್ತ್ರಿ ಮಾಡುವ ಅವನ ಹೆಂಡತಿ ಏದುಸಿರು ಬಿಡುತ್ತ ಬಂದಳು. "ಒಂದು ಬೀಗದ ಕೈ ತಾನೇ ಅಣ್ಣ? ನಾನೇ ಹೋಗಿ ಕೇಳ್ತೀನಿ."

"ನೀನು ಸಂಬಂಧಿಕಳು ತಾಯಿ," ಎಂದೆ. "ನಿನ್ನ ಮಾತು ಸಲ್ಲೋದಿಲ್ಲ."

"ಕಟ್ಕೊಂಡಿದ್ದೇ ತಪ್ಪಾಯ್ತು ಅನ್ನಿ!"

"ತಾಳ್ಮೆ ಇರಲಮ್ಮ. ದೇವರ ಮಾತನ್ನೂ ನಾವು ನೇರವಾಗಿ ಕೇಳಿದವರಲ್ಲ. ಕೇಳಿದವರು ಹೇಳಿದ್ದನ್ನ ನಂಬಿದವರು."

"ದೇವರೇನು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾನಾ?"

ಅವಳ ಅಜ್ಞಾನವನ್ನು ಮನ್ನಿಸೆಂದು ಅಲ್ಲೇ ನಿಂತು ಪ್ರಾರ್ಥಿಸಿದೆ. ಕಣ್ಣು ತೆರೆಯುವಷ್ಟರಲ್ಲಿ ಅವಳು ಎಲ್ಲಿಂದಲೋ ಒಂದು ಕಬ್ಬಿಣದ ಸರಳು ತಂದು, ಸಂದಿಗೆ ತೂರಿಸಿ, ಮೈಭಾರವನ್ನೆಲ್ಲ ಬಿಟ್ಟು ಮೀಟಿದಳು. ಬಾಗಿಲು ತೆರೆಯಿತು. ಅವನು ಬೆವರಿನಲ್ಲಿ ಅದ್ದಿ ತೆಗೆದವನಂತೆ ಹೊರಗೆ ಬಂದು ನೆಲದ ಮೇಲೆ ಕೂತ. ಅವಳು ಸೆರಗಿನಿಂದ ಗಾಳಿ ಹಾಕಿದಳು.

ಅಷ್ಟರಲ್ಲಿ ಮುಟ್ಟಿಸುವ ಗುಮಾಸ್ತ ಓಡಿಬಂದ. "ಅಯ್ಯಯ್ಯೋ, ಇವನ್ಯಾಕೆ ಹೊರಗಿದ್ದಾನೆ? ಒಳಗಿದ್ದಾನೆ ಅಂತ ವರದಿ ಈಗ ತಾನೇ ಸಾಹೇಬರ ಮೇಜಿಗೆ ಹೋಯ್ತಲ್ಲ!"

ಎಲ್ಲರ ಮುಖವೂ ಕಪ್ಪಿಟ್ಟಿತು. ಸುಳ್ಳು ವರದಿಗೆ ಕಾರಣನಾದವನನ್ನು ಕಾಯಂ ಮಾಡುವಂತಿಲ್ಲವೆಂದು ಸುತ್ತೋಲೆಯ ಕೊನೆಯಲ್ಲಿದೆ. ನಾನು ಅದನ್ನು ಗಂಡಹೆಂಡತಿಗೆ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಓದಿ ಹೇಳಿದೆ.

ಅವನು ಹೆಂಡತಿಯ ಮುಖ ನೋಡಿದ. ಅವಳು ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

"ಒಂಬತ್ತು ವರ್ಷ ಕಾದಿದ್ದೀರಿ," ಎಂದಳು ಕೊನೆಗೆ. "ಇನ್ನೊಂದು ಗಳಿಗೆ ಒಳಗೆ ನಿಂತ್ಕೊಳ್ಳಿ, ಹೋಗ್ರಿ."

ಅವನು ಒಳಗೆ ಹೋದ. ಬಾಗಿಲನ್ನು ಅವಳೇ ತಳ್ಳಿ ಮುಚ್ಚಿದಳು. ಅದು ಮೊದಲಿಗಿಂತ ಬಿಗಿಯಾಗಿ ಕಚ್ಚಿಕೊಂಡಿತು.

ಐದು ಗಂಟೆಗೆ ಸಾಹೇಬರು ಹೊರಬಂದು ಲಿಫ್ಟಿನ ಮುಂದೆ ನಿಂತರು. "ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಹೇಳಿದ್ದಾರೆ ಅಂತ ಬರೆದಿದೆ ಸಾರ್," ಎಂದ ಮುಟ್ಟಿಸುವ ಗುಮಾಸ್ತ.

"ನೋಡಿದೆ. ಹೇಳಿದ್ದು ನಿಜ ಅಂತ ಷರಾ ಹಾಕಿದ್ದೀನಿ. ಕಾಯಂ ಆದೇಶಕ್ಕೂ ಸಹಿ ಮಾಡಿದ್ದೀನಿ. ಇಷ್ಟು ಹೊತ್ತು ಕೆಲಸದ ಜಾಗ ಬಿಟ್ಟು ಕದಲದವನು ಈ ಕಚೇರೀಲಿ ಇನ್ಯಾರಿದ್ದಾರೆ?"

ಬೀಗದ ಕೈಯ ವಿಷಯ ಯಾರೂ ಎತ್ತಲಿಲ್ಲ. ವರದಿಯಲ್ಲಿ ಅದಿರಲಿಲ್ಲ, ಅದಕ್ಕೆ ಬೇರೆಯೇ ವರದಿ ಆಗಬೇಕು. ಸಾಹೇಬರು ಮೆಟ್ಟಿಲಿಳಿದು ಹೋದರು.

"ಕಾಯಂ ಆಯ್ತು ಕಣ್ರೀ!" ಎಂದು ಅವಳು ಸಂದಿಯಲ್ಲಿ ಕೂಗಿ, ಅಳುತ್ತಾ ನಮಗೆಲ್ಲ ಕೈಮುಗಿದಳು. ಸರಳನ್ನು ಇನ್ನು ಅಪ್ಪಣೆಯಿಲ್ಲದೆ ಮುಟ್ಟುವುದಿಲ್ಲವೆಂದು ಕೇಳದೆಯೇ ಮಾತು ಕೊಟ್ಟಳು. ನನ್ನ ಕಣ್ಣೂ ತುಂಬಿಬಂತು. ನಂಬಿದವರನ್ನು ದೇವರು ಕೈಬಿಡುವುದಿಲ್ಲ.

ನಾವು ಮನೆಗೆ ಹೊರಟೆವು. ಒಳಗಿನಿಂದ ಲಿಫ್ಟಿನವನು ಕೂಗಿದ: "ಹುಷಾರಾಗಿ ಇಳೀರಿ ಸಾರ್, ಕೆಳಗಡೆ ಒಂದು ಮೆಟ್ಟಿಲು ಕಿತ್ತುಹೋಗಿದೆ!"

ನೇರ ಮಾತಾದ್ದರಿಂದ ಯಾರೂ ಕೇಳಿಸಿಕೊಳ್ಳಲಿಲ್ಲ. ಮುಗ್ಗರಿಸಿ ಬಿದ್ದ ಇಬ್ಬರು ಗುಮಾಸ್ತರೂ ಸದ್ದಿಲ್ಲದೆ ಎದ್ದು, ಬಟ್ಟೆ ಕೊಡವಿಕೊಂಡು, ಕುಂಟುತ್ತಾ ಮನೆ ಸೇರಿದರು.