ಎಮ್ಮೆ ಕೊಟ್ಟು ತಂದ ಮೋಟಾರು ದೋಣಿ

ನಮ್ಮತ್ತೆಗೆ ಹುಚ್ಚು ಹಿಡಿದಿತ್ತು ಎಂದು ಊರವರು ಹೇಳುತ್ತಿದ್ದರು. ಸುಳ್ಳು! ಹುಚ್ಚನ್ನೇ ನಮ್ಮತ್ತೆ ಹಿಡಿದುಕೊಂಡಿದ್ದರು. ಬಿಡಿಸಿಕೊಂಡು ಓಡಲು ಅದು ಎಷ್ಟು ಒದ್ದಾಡಿತೋ ಪಾಪ, ಅವರು ಬಿಟ್ಟರೆ ತಾನೆ? ಇಲ್ಲದಿದ್ದರೆ, ಹಾಲು ಕರೆಯುವ ಎಮ್ಮೆಯನ್ನು ಕೊಟ್ಟು ಓಡದ ದೋಣಿಯನ್ನು ಮನೆಗೆ ತರುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅದರೊಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಕೋಳಿ ಹಿಕ್ಕೆಯನ್ನು ಕೆರೆದು ತೆಗೆದವಳೂ ನಾನೇ.

ತಮಿಳು ಸೀಮೆಯ ಉಡುಮಲೈ ಕಡೆ, ಬೆಟ್ಟದ ಬುಡದಲ್ಲಿ, ಅಮರಾವತಿ ಹೊಳೆಗೆ ಅಣೆ ಕಟ್ಟಿದ ಹೊಸತು. ಅದಕ್ಕೆ ಮೊದಲು ನನ್ನ ನಾದಿನಿಯನ್ನು ಕೊಟ್ಟ ಊರು ಹೊಳೆಯಾಚೆ ಕೂಗಳತೆಯಲ್ಲಿತ್ತು. ಅತ್ತೆ ಈಚೆ ದಡದಲ್ಲಿ ಮಗಳ ಹೆಸರು ಕೂಗಿದರೆ ಆಚೆ ದಡದಲ್ಲಿ ಅಳಿಯ ಎದ್ದು ನಿಲ್ಲುತ್ತಿದ್ದ! ನೀರು ನಿಂತ ಮೇಲೆ ದಾರಿ ಮುಳುಗಿತು. ಸುತ್ತಿ ಬಳಸಿ ಕಲ್ಲುದಾರಿಯಲ್ಲಿ ಗಾಡಿ ಹೊಡೆದರೆ ಒಂದು ಹಗಲು ಪೂರ್ತಿ. ಆ ಗಾಡಿಯ ಕುಲುಕಾಟದಲ್ಲೇ ನಾದಿನಿಯ ಮೊದಲ ಬಸಿರು ಇಳಿದುಹೋಯಿತು.

ಎರಡನೆಯದು ನಿಂತಾಗ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಕಡ್ಡಿ ಮುರಿದ ಹಾಗೆ ಹೇಳಿಕಳಿಸಿದರು: "ಗಾಡೀಲಿ ಕಳ್ಸಲ್ಲ. ನೀರು ಬತ್ತಿ ದಾರಿ ಬಿಟ್ರೆ ಬಂದು ಕರ್ಕೊಂಡ್ ಹೋಗ್ಲಿ."

ಅಲ್ಲಿ ಸೂಲಗಿತ್ತಿ ಇಲ್ಲ. ನಮ್ಮೂರಿನ ಅರ್ಧ ಮಕ್ಕಳನ್ನು ಹಿಡಿದ ಕೈ ನಮ್ಮತ್ತೆಯದು. ಹಾಗಾದರೆ ಅವರೇ ಹೋಗಿ ಇರಬಹುದಿತ್ತಲ್ಲ ಎನ್ನುತ್ತೀರಾ? ಮಗಳ ಮಡಿಲಿಗೆ ಮಗು ಬರುವ ತನಕ ತಾಯಿ ಅವಳ ಮನೆಯಲ್ಲಿ ಒಂದು ತುತ್ತೂ ತಿನ್ನುವಂತಿಲ್ಲ, ಒಂದು ದಿನವೂ ಉಳಿಯುವಂತಿಲ್ಲ. ಅದು ನಮ್ಮ ಜನರ ಕಟ್ಟು. ಒಂಬತ್ತು ತುಂಬಿದ ಬಸುರಿಯನ್ನು ಊರು ದಾಟಿಸುವಂತಿಲ್ಲ, ಅದು ಇನ್ನೊಂದು ಕಟ್ಟು. ಆಗ ನಾದಿನಿಗೆ ಆರು ತಿಂಗಳು.

"ದಾರಿ ಬಿಡದಿದ್ರೆ ಹೋಗ್ಲಿ," ಎಂದರು ಅತ್ತೆ. "ನೀರ್ ಮೇಲೇ ಹೋಗ್ತೀನಿ."

ಅಣೆ ಕಟ್ಟಿದ ಕಂಟ್ರಾಕ್ಟರ್ ಕೆಲಸ ಮುಗಿದ ಮೇಲೆ ಒಂದು ಮೋಟಾರು ದೋಣಿಯನ್ನು ದಡದಲ್ಲೇ ಬಿಟ್ಟು ಹೋಗಿದ್ದ. ಎಂಜಿನ್ ಕಳಚಿ ಒಯ್ದಿದ್ದರು. ಹಿಂಭಾಗದಲ್ಲಿ ನೀರು ತಳ್ಳುವ ಮೂರು ರೆಕ್ಕೆಯ ಚಕ್ರವೊಂದು ಉಳಿದಿತ್ತು. ಕಂಟ್ರಾಕ್ಟರನ ಗುಮಾಸ್ತ ದೋಣಿಯನ್ನು ಸೌದೆಗೆ ಮಾರಲು ಕಾಯುತ್ತಿದ್ದ. ಅತ್ತೆ ಹೋಗಿ ಸಂತೆಯಲ್ಲಿ ದನ ನೋಡುವಂತೆ ಸುತ್ತು ಹಾಕಿದರು. ಪಕ್ಕೆ ತಟ್ಟಿದರು. ಬಗ್ಗಿ ಅಡಿಯಲ್ಲಿ ನೋಡಿದರು.

"ವಯಸ್ಸೆಷ್ಟು?"

"ಗೊತ್ತಿಲ್ಲಮ್ಮಾ."

"ಹಿಂದೆ ಯಾರನ್ನಾದ್ರೂ ಬೀಳ್ಸಿದ್ಯಾ?"

ಗುಮಾಸ್ತನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರುದಿನ ನಮ್ಮ ಎಮ್ಮೆ ಅವನ ಕೊಟ್ಟಿಗೆಗೆ, ಅವನ ದೋಣಿ ನಮ್ಮ ಅಂಗಳಕ್ಕೆ.

ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. "ಎಮ್ಮೆ ಹಾಲು ಕೊಡ್ತಿತ್ತಲ್ಲೇ. ಇದೇನ್ ಕೊಡುತ್ತೆ?"

"ನಿಮ್ಮ ಮಗಳ್ನ ಕೊಡುತ್ತೆ. ಎದ್ದು ಹಗ್ಗ ತನ್ನಿ."

ಹಗ್ಗ ಯಾಕೆ? ದೋಣಿಯ ಮೂತಿಗೆ ಬಿಗಿದು ಬೇವಿನ ಮರಕ್ಕೆ ಕಟ್ಟಲು! "ಎಂಜಿನ್ನೇ ಇಲ್ದಿರೋದು ಎಲ್ಲಿಗೆ ಓಡುತ್ತೆ ಅತ್ತೆ?" ಎಂದೆ. "ಹೊಸ ಜಾಗ. ಒಂದ್ ವಾರ ಕಟ್ಬೇಕು" ಎಂದರು. ನಾನೇ ಹೋಗಿ ಹಗ್ಗ ಬಿಗಿದೆ.

ಹಲಗೆಗಳ ನಡುವೆ ಬೆರಳು ತೂರುವಷ್ಟು ಬಿರುಕು. ಡಾಂಬರು ಹಚ್ಚೋಣ ಎಂದಿದ್ದಕ್ಕೆ, "ಬಸುರಿಗೆ ಆ ನಾತ ಆಗಲ್ಲ" ಎಂದು ಬೈದು, ಹಳೇ ಸೀರೆಯ ಚಿಂದಿಗೆ ಕಡಲೆಕಾಯಿ ಹಿಂಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮೆತ್ತಿಸಿದರು. ಹದಿನೈದು ದಿನ ನಾನು ಹಿಂಡಿ ಕುಟ್ಟಿದ್ದೇ ಕುಟ್ಟಿದ್ದು. ಪೂಜೆ ಮಾಡಿ ನೀರಿಗೆ ಬಿಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಸುತ್ತಲೂ ನೀರು ಕುದಿಯತೊಡಗಿತು. ಏನೆಂದು ನೋಡಿದರೆ ಮೀನು! ಅಣೆಯ ಮೀನೆಲ್ಲ ನೆಂಟರಿಷ್ಟರನ್ನು ಕರೆದುಕೊಂಡು ಹಿಂಡಿ ತಿನ್ನಲು ಬಂದಿದ್ದವು. ಉಂಡು ಮುಗಿಸಿದವು. ದೋಣಿ ಸದ್ದಿಲ್ಲದೆ ಸೊಂಟದ ಮಟ್ಟದ ನೀರಿನಲ್ಲಿ ಕೂತುಬಿಟ್ಟಿತು.

ಮಾವ ದಡದಲ್ಲಿ ನಿಂತು ನಿಧಾನವಾಗಿ ಹೇಳಿದರು: "ನಮ್ಮೆಮ್ಮೇನೂ ನೀರಲ್ಲಿ ಹೀಗೇ ಮಲಗ್ತಿತ್ತು."

ಆ ದಿನ ಮಾವನಿಗೆ ಊಟ ತಡವಾಯಿತು.

ನಾಲ್ಕು ದಿನ ಬಿಟ್ಟು ನಾಲ್ಕು ಜೊತೆ ಎತ್ತು ಕಟ್ಟಿ ಎಳೆಸಿದರೆ ಏನಾಶ್ಚರ್ಯ! ಒಣಗಿದ ಮರ ನೀರು ಕುಡಿದು ಉಬ್ಬಿ, ಬಿರುಕು ಮುಕ್ಕಾಲು ಪಾಲು ತಾನೇ ಮುಚ್ಚಿತ್ತು. "ನಾನ್ ಬೇಕಂತ್ಲೇ ಮುಳುಗ್ಸಿದ್ದು" ಎಂದರು ಅತ್ತೆ, ರೆಪ್ಪೆ ಮಿಟುಕಿಸದೆ. ಉಳಿದ ಬಿರುಕಿಗೆ ಡಾಂಬರೇ ಬಂತು. "ನಾತ?" ಎಂದೆ. "ಮೂಗು ಮುಚ್ಕೊಳ್ಲಿ!"

ಇನ್ನು ಎಂಜಿನ್. ನಮ್ಮ ಬಾವಿಯ ಪಂಪಿಗೆ ಕೊಯಮತ್ತೂರಿನಿಂದ ತಂದ ಆಯಿಲ್ ಎಂಜಿನ್ ಇತ್ತು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು. "ಬಾಳೆಗೆ ನೀರು?" ಎಂದು ಮಾವ ಕೂಗಿಕೊಂಡರು. "ನಿಮ್ಮಪ್ಪ ಎತ್ತು ಕಟ್ಟಿ ಸೇದ್ತಿರ್ಲಿಲ್ವಾ? ನೀವೂ ಸೇದಿ." ಅದನ್ನು ಕೂರಿಸಲು ಕೊಯಮತ್ತೂರಿನಿಂದ ಒಬ್ಬ ಪಂಪು ಮೆಕ್ಯಾನಿಕ್, ನಾಳೆ ನಾಡಿದ್ದು ಎಂದು ಒಂದೂವರೆ ತಿಂಗಳು ಸತಾಯಿಸಿ, ಬಸ್ಸಿನಲ್ಲಿ ಬಂದ. ದೋಣಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಆತ್ತಾ, ನಂಗೆ ಪಂಪು ಬಿಟ್ರೆ ಬೇರೆ ತೆರಿಯಾದು." ಆತ್ತಾ ಎಂದರೆ ಅವನ ತಮಿಳಿನಲ್ಲಿ ಅಮ್ಮ; ಪಂಪು ಬಿಟ್ಟು ಬೇರೇನೂ ಗೊತ್ತಿಲ್ಲವಂತೆ.

"ಪಂಪು ಏನ್ ಮಾಡುತ್ತೆ?"

"ನೀರು ತಳ್ಳುತ್ತೆ."

"ಇಲ್ಲೂ ತಳ್ಳೋದು ನೀರೇ. ಹತ್ತು."

ಅವನು ಎಂಟು ದಿನ ನಮ್ಮ ಮನೆಯ ರಾಗಿ ಮುದ್ದೆ ಮುರಿದು, ನಟ್ಟು ಬೋಲ್ಟು ಬಿಗಿದು, ಒಂಬತ್ತನೇ ದಿನ ಹ್ಯಾಂಡಲ್ ಸುತ್ತಿದ. ಢಗ್ ಢಗ್ ಢಗ್! ದಡದಲ್ಲಿದ್ದವರೆಲ್ಲ ಕೇಕೆ ಹಾಕಿದರು. ದೋಣಿ ಹೊರಟಿತು, ಹಿಂದಕ್ಕೆ! ಬಾವಿಯ ಎಂಜಿನ್ ತಿರುಗುವ ದಿಕ್ಕೇ ಬೇರೆ, ಆ ಚಕ್ರ ಕೇಳುವ ದಿಕ್ಕೇ ಬೇರೆಯಂತೆ. ಬೇರೆ ಚಕ್ರ ಎರಕ ಹೊಯ್ಯಿಸಿ ತರಲು ಒಂದು ತಿಂಗಳು ಬೇಕು ಎಂದ. ನಾದಿನಿಗೆ ಒಂಬತ್ತು ತುಂಬಲು ಇದ್ದದ್ದು ಆರೇ ದಿನ.

ಎಲ್ಲರೂ ಅತ್ತೆಯ ಮುಖ ನೋಡಿದೆವು. ಅವರು ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿದರು, ಬಾಲದ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಕೂತರು.

"ಈಗ ಯಾವ ಕಡೆ ಹೋಗುತ್ತೆ?"

ಮೆಕ್ಯಾನಿಕ್ ಹ್ಯಾಂಡಲ್ ಕೆಳಗಿಟ್ಟ. "ಮುಂದಕ್ಕೆ, ಆತ್ತಾ."

ಮರುದಿನ ಬೆಳಿಗ್ಗೆ ಅತ್ತೆ, ಎಂಜಿನ್ ಪಕ್ಕ ಮೆಕ್ಯಾನಿಕ್, ನೀರು ಮೊಗೆದು ಚೆಲ್ಲಲು ಚೆಂಬು ಹಿಡಿದ ನಾನು, ಹೀಗೆ ಮೂವರು ಹೊರಟೆವು. ಬಿದಿರು ಗಳುವಿನಲ್ಲಿ ದಿಕ್ಕು ತಿದ್ದುತ್ತ, ಎರಡು ಸಲ ಒಂದೇ ಬಂಡೆಯನ್ನು ಪ್ರದಕ್ಷಿಣೆ ಹಾಕಿ, ಆಚೆ ದಡ ಸೇರಿದೆವು. ಅಲ್ಲಿ ಊರಿಗೆ ಊರೇ ನೆರೆದಿತ್ತು.

"ಏನ್ ಬೀಗಿತ್ತಿ, ಬಾಲ ಮುಂದಿಟ್ಕೊಂಡ್ ಬಂದಿದ್ದೀರಿ?" ಎಂದರು ನಾದಿನಿಯ ಅತ್ತೆ.

"ಹಸು ಕರು ಹಾಕೋವಾಗ ನೀವು ಯಾವ ಕಡೆ ನೋಡ್ತೀರಿ? ಮೂತೀನಾ?"

ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಇಲ್ಲ ಎನ್ನುವುದು ಹೇಗೆ? ಸೊಸೆಯ ಮಡಿಲು ತುಂಬಿ, ಕೈಹಿಡಿದು ದೋಣಿಗೆ ಇಳಿಸಿದರು.

ಹಿಂದಿರುಗುವಾಗ ನಡುನೀರಿಗೆ ಬರುವಷ್ಟರಲ್ಲಿ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಎಂಜಿನ್ ಒಂದೆರಡು ಸಲ ಕೆಮ್ಮಿತು. ಎಲ್ಲೋ ಡಾಂಬರು ಬಿಟ್ಟಿರಬೇಕು, ಕಾಲ ಬುಡಕ್ಕೆ ನೀರು ಬರತೊಡಗಿತು. ಅಷ್ಟು ಹೊತ್ತೂ ದೋಣಿಯನ್ನು, ಮೆಕ್ಯಾನಿಕ್ಕನ್ನು, ನನ್ನನ್ನು ಒಂದೇ ಸಮ ಬೈಯುತ್ತಿದ್ದ ಅತ್ತೆ ಸುಮ್ಮನಾದರು. ಎಂಜಿನ್ ನಿಲ್ಲುವುದಕ್ಕಿಂತ ಅವರ ಬಾಯಿ ನಿಂತರೆ ಹೆಚ್ಚು ಹೆದರಿಕೆಯಾಗುತ್ತದೆ ಎಂದು ನನಗೆ ಆಗ ಗೊತ್ತಾಯಿತು.

ನಾದಿನಿ ಕಣ್ಣು ಮುಚ್ಚಿ ನನ್ನ ಭುಜಕ್ಕೆ ಒರಗಿದ್ದಳು. ನಾನು ಬಗ್ಗಿ ನೀರು ಚೆಲ್ಲುತ್ತಿದ್ದೆ. ಸೊಂಟದ ಹತ್ತಿರ ಏನೋ ಎಳೆದಂತಾಗಿ ನೋಡಿದರೆ, ಅತ್ತೆ ಮಗಳ ಸೆರಗನ್ನು ನನ್ನ ಸೆರಗಿಗೆ ಗಂಟು ಹಾಕುತ್ತಿದ್ದರು. ಒಂದಲ್ಲ, ಮೂರು ಗಂಟು.

"ನಿಮ್ಮಪ್ಪನ ಬಾವೀಲಿ ಮೀನಿನ ಥರ ಈಜ್ತಿದ್ಯಂತೆ," ಎಂದರು, ಮಗಳಿಗೆ ಕೇಳದಷ್ಟು ಮೆಲ್ಲಗೆ. "ಏನಾದ್ರೂ ಆದ್ರೆ ಇವಳ್ನ ಎಳ್ಕೊಂಡು ದಡಕ್ಕೆ ಹೋಗು ಕಣ್ಣು. ನನ್ ಕಡೆ ತಿರುಗಿ ನೋಡ್ಬೇಡ."

ಅತ್ತೆಗೆ ಈಜು ಬಾರದು. ಸೊಸೆಯಾಗಿ ಬಂದ ಆರು ವರ್ಷದಲ್ಲಿ ಅವರು ನನ್ನನ್ನು, ಮಗಳನ್ನು ಮುದ್ದಿನಿಂದ ಕರೆಯುವಂತೆ, ಕಣ್ಣು ಎಂದದ್ದು ಅದೇ ಮೊದಲು. ಚೆಂಬು ಕೆಳಗಿಟ್ಟೆ. ಅವರ ಸೆರಗನ್ನು ಎಳೆದು ನನ್ನ ಸೊಂಟಕ್ಕೆ ಬಿಗಿದೆ.

"ಏನೇ ಇದು? ಬಿಡೇ!"

"ಸುಮ್ನೆ ಕೂತ್ಕೊಳ್ಳಿ ಅತ್ತೆ," ಎಂದು ಮತ್ತೆ ನೀರು ಚೆಲ್ಲತೊಡಗಿದೆ.

ಎಂಜಿನ್ ಕೆಮ್ಮುತ್ತ ಕೆಮ್ಮುತ್ತಲೇ ನಮ್ಮನ್ನು ಈಚೆ ದಡ ಮುಟ್ಟಿಸಿತು. ದಡದಲ್ಲಿ ಮಾವ ಮೊಣಕಾಲುದ್ದ ನೀರಿಗೆ ಇಳಿದು ಮಗಳಿಗೆ ಕೈ ಚಾಚಿದರು. ಗಂಟು ಬಿಚ್ಚದೆ ಮೂವರೂ ಒಟ್ಟಿಗೇ ಇಳಿದೆವು.